ಉತ್ತರ ಬರುವ ಮೊದಲೇ

ಸುಳ್ಳು ಹೇಳುವ ಆ ಹಸಿರು ಟಿಕ್ಕನ್ನು ಬರೆದವಳು ನಾನೇ. ಮೊದಲು ಅದನ್ನು ಒಪ್ಪಿಕೊಂಡುಬಿಡುತ್ತೇನೆ.

ಒಂಟಿಕೊಪ್ಪಲಿನ ಒಂದು ಕಣ್ಣಿನ ಆಸ್ಪತ್ರೆಗೆ ಟೋಕನ್ ಬುಕ್ ಮಾಡುವ ವೆಬ್ ಪುಟ ಮಾಡಿಕೊಟ್ಟಿದ್ದು ನಮ್ಮ ಆಫೀಸು. ಬಟನ್ ಒತ್ತಿದರೆ ಪುಟವೆಲ್ಲ ಹೊಸದಾಗಿ ಬರುವುದಿಲ್ಲ. ಬ್ರೌಸರಿನಿಂದ ರಿಕ್ವೆಸ್ಟ್ ಸದ್ದಿಲ್ಲದೆ ಸರ್ವರಿಗೆ ಹೋಗಿ, ಉತ್ತರ ಬಂದಾಗ ಅಷ್ಟು ಭಾಗ ಮಾತ್ರ ಬದಲಾಗುತ್ತದೆ. ಉತ್ತರಕ್ಕೆ ಮೂರು ಸೆಕೆಂಡು ಬೇಕು. ನಮ್ಮ ಬಾಸ್ ವಾಗೀಶ ಅವರಿಗೆ ಆ ಮೂರು ಸೆಕೆಂಡು ಸಹಿಸಲಾಗಲಿಲ್ಲ.

"ಒತ್ತಿದ ತಕ್ಷಣ 'ಟೋಕನ್ ಖಚಿತ' ಅಂತ ಹಸಿರು ತೋರಿಸ್ಬಿಡಿ ಶಿಲ್ಪಶ್ರೀ. ಉತ್ತರ ಆಮೇಲೆ ಬರಲಿ. ಬರದಿದ್ರೆ ಅರ್ಧ ನಿಮಿಷ ಬಿಟ್ಟು ಕೆಂಪು ತೋರಿಸಿದ್ರಾಯ್ತು," ಅಂದರು. ದೊಡ್ಡ ಕಂಪನಿಗಳೆಲ್ಲ ಹೀಗೇ ಮಾಡುತ್ತವಂತೆ. ನಾನೂ ತಲೆಯಾಡಿಸಿ ಬರೆದೆ.

ಕೆಸರೆಯಲ್ಲಿ ನಮ್ಮ ಬೀದಿಯ ಸರೋಜಮ್ಮನಿಗೆ ಪೊರೆ ತೆಗೆಸಿ ತಿಂಗಳಾಗಿತ್ತು. ಕಣ್ಣು ಕೆಂಪಾಗಿ ನೀರು ಸುರಿಯತೊಡಗಿದಾಗ ಫೋನಿನಲ್ಲಿ ಅದೇ ಆಸ್ಪತ್ರೆಗೆ ಟೋಕನ್ ತೆಗೆದರು. ಡೇಟಾ ಸುಮ್ಮನೆ ಖರ್ಚಾಗಬಾರದೆಂದು ಕೆಲಸ ಮುಗಿದ ಕೂಡಲೇ ನೆಟ್ ಆಫ್ ಮಾಡುವುದು ಅವರ ಅಭ್ಯಾಸ. ಹಸಿರು ಕಂಡಿತು, ನೆಟ್ ಆಫ್ ಮಾಡಿ ಫೋನ್ ಎತ್ತಿಟ್ಟರು; ಆಮೇಲೆ ಬಂದ ಕೆಂಪನ್ನು ನೋಡಲೇ ಇಲ್ಲ. ನಿಧಾನದ ನೆಟ್ಟಿನಲ್ಲಿ ರಿಕ್ವೆಸ್ಟ್ ಅವರ ಫೋನು ದಾಟಿಯೇ ಇರಲಿಲ್ಲ. ಮರುದಿನ ಎರಡು ಬಸ್ಸು ಹತ್ತಿ ಹೋಗಿ, ಪಟ್ಟಿಯಲ್ಲಿ ಹೆಸರಿಲ್ಲ ಅನ್ನಿಸಿಕೊಂಡು, ಮಧ್ಯಾಹ್ನದವರೆಗೆ ಕೂತು ವಾಪಸ್ ಬಂದರು.

"ನಾನೇ ಏನೋ ತಪ್ಪು ಒತ್ಬುಟ್ಟೆ ಕಣಮ್ಮ. ನಮಗೆಲ್ಲಿ ಇವೆಲ್ಲ ಗೊತ್ತಾಗುತ್ತೆ," ಅಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ತಪ್ಪನ್ನು ತಮ್ಮ ತಲೆ ಮೇಲೆ ಹಾಕಿಕೊಂಡರಲ್ಲ, ಅದನ್ನು ತಡೆದುಕೊಳ್ಳಲಾಗಲಿಲ್ಲ. ಅವತ್ತೇ ಆಟೋದಲ್ಲಿ ಬೇರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸೋಂಕಾಗಿತ್ತು, ಇನ್ನೊಂದು ದಿನ ಬಿಟ್ಟಿದ್ದರೆ ಕಷ್ಟವಿತ್ತು ಅಂದರು.

ವಾಗೀಶ ಅವರಿಗೆ ಎಲ್ಲ ಹೇಳಿದೆ.

"ನೆಟ್ ಆಫ್ ಮಾಡೋರಿಗೆಲ್ಲ ನಾವು ಜವಾಬ್ದಾರರೇನ್ರೀ? ಪುಟ ಹೇಗೆ ನಡೀತಿದೆ ಅಂತ ಗುರುವಾರ ಆಸ್ಪತ್ರೆಯವರು ನೋಡೋಕೆ ಬರ್ತಾರೆ. ಅಲ್ಲಿವರೆಗೆ ಒಂದಕ್ಷರ ಮುಟ್ಟಬೇಡಿ. ಮುಟ್ಟಿದ್ರೆ ಬೇರೆ ಕೆಲಸ ನೋಡ್ಕೊಳ್ಳಿ."

ನಾನು ಮುಟ್ಟಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ತೋರಿಸೋಣ ಅಂದುಕೊಂಡೆ.

ಗುರುವಾರ ಆಸ್ಪತ್ರೆಯ ಮ್ಯಾನೇಜರ್ ಬಿಂದುಮಾಧವ ಬಂದರು. ವಾಗೀಶ ಬಟನ್ ಒತ್ತಿದರು, ಹಸಿರು ಬಂತು. "ಪರವಾಗಿಲ್ವೇ, ಬೇಗ ಇದೆ," ಅಂದರು ಬಿಂದುಮಾಧವ.

ನಾನು ಎದ್ದು ಹೋಗಿ ಅದೇ ಪುಟ ತೆರೆದಿದ್ದ ನನ್ನ ಫೋನಿನ ನೆಟ್ ಆಫ್ ಮಾಡಿ ಅವರ ಕೈಗೆ ಕೊಟ್ಟೆ. "ಈಗ ನಿಮ್ಮ ಹೆಸರು ಹಾಕಿ ಒತ್ತಿ ಸರ್."

"ಶಿಲ್ಪಶ್ರೀ, ಕೂತ್ಕೊಳ್ಳಿ," ಅಂದರು ವಾಗೀಶ. ನಾನು ಕೂರಲಿಲ್ಲ.

ಬಿಂದುಮಾಧವ ಒತ್ತಿದರು. ಟೋಕನ್ ಖಚಿತ.

"ನೆಟ್ಟೇ ಇಲ್ವಲ್ಲ, ಯಾರು ಖಚಿತ ಮಾಡಿದ್ದು?"

"ಯಾರೂ ಇಲ್ಲ ಸರ್. ನೀವು ಬುಕ್ ಮಾಡಿದ್ದು ನಿಮ್ಮ ಆಸ್ಪತ್ರೆಗೇ ಗೊತ್ತಿಲ್ಲ."

ಅವರು ತಮ್ಮ ಫೋನ್ ತೆಗೆದು ಆಸ್ಪತ್ರೆಯ ರಿಸೆಪ್ಷನ್ನಿಗೆ ಕರೆ ಮಾಡಿದರು. ಕೇಳಿಸಿಕೊಳ್ಳುತ್ತ ಅವರ ಮುಖ ಇಳಿಯಿತು. "ಈ ವಾರ ಹನ್ನೊಂದು ಜನ ಹಸಿರು ಬಂದಿತ್ತು ಅಂತ ಜಗಳ ಆಡಿದಾರಂತೆ. ಸುಳ್ಳು ಹೇಳ್ತೀರಾ ಅಂತ ನಾವೇ ಗದರಿಸಿ ಕಳಿಸಿದೀವಿ."

ವಾಗೀಶ ನನ್ನ ಕಡೆ ತಿರುಗಿದರು. "ಈಗಲೇ ಸರಿ ಮಾಡಿ."

"ಮಾಡ್ತೀನಿ. ಉತ್ತರ ಬರೋವರೆಗೆ 'ಕಾಯಿರಿ' ಅಂತ ತೋರಿಸುತ್ತೆ, ಎಷ್ಟು ಹೊತ್ತಾದ್ರೂ. ಆದ್ರೆ ಆ ಹನ್ನೊಂದು ಜನಕ್ಕೂ ಸರೋಜಮ್ಮನಿಗೂ ನೀವೇ ಫೋನ್ ಮಾಡಿ, ತಪ್ಪು ನಮ್ಮದು ಅಂತ ಹೇಳ್ಬೇಕು. ಇಲ್ದಿದ್ರೆ ಬೇರೆಯವರ ಕೈಲಿ ಬರೆಸ್ಕೊಳ್ಳಿ, ನಾನು ಹೊರಟೆ."

ಹೇಳುತ್ತಲೇ ಸರೋಜಮ್ಮನ ನಂಬರ್ ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಅವರ ಮುಂದಿಟ್ಟೆ. ಆ ಕಡೆಯಿಂದ "ಯಾರಪ್ಪಾ?" ಅಂತ ಕೇಳಿಸಿತು. ವಾಗೀಶ ನನ್ನ ಮುಖ ನೋಡಿದರು. ನಾನೂ ನೋಡುತ್ತಲೇ ನಿಂತೆ.

"ಅಮ್ಮಾ," ಅಂದರು ಕೊನೆಗೆ, "ಅವತ್ತು ನೀವು ಒತ್ತಿದ್ದು ಸರಿಯಾಗೇ ಇತ್ತು."