ಗುರಾಣಿ ಒಡೆದ ದಿನ

ಇಂಗೇಲಾ ಸುತ್ತಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ಮಕ್ಕಳಾಟ ಸಾಕು, ಕೊಡಿಲ್ಲಿ," ಎಂದ ರಾಗ್ನಾರ್, ಅವಳ ಸೋದರಮಾವನ ಮಗ. "ಹೊರಗೆ ದೇಶದೇಶದ ರಾಯಭಾರಿಗಳು ಕಾಯ್ತಾ ಕೂತಿದ್ದಾರೆ."

"ಕೂತಿರ್ಲಿ. ಸತ್ತಿರೋದು ನನ್ನಪ್ಪ, ನಾನೇ ಒಡೀತೀನಿ. ನೀನು ಅಮ್ಮನ ಕಡೆಯವನು."

"ಗಂಡಸರೇ ಒಡೀಬೇಕು ಅನ್ನೋದು ಪದ್ಧತಿ ಕಣೇ. ನಾನು ಮಾಡಿದ್ದಾ?"

ಚರ್ಚಿನ ಒಳಕೋಣೆಯ ಮೇಜಿನ ಮೇಲೆ ಯೋರ್ಟ್‌ವಾಲ್ ಮನೆತನದ ಲಾಂಛನವಿದ್ದ ಮರದ ಗುರಾಣಿ ಇತ್ತು. ವಂಶದ ಕೊನೆಯ ಗಂಡಸು ಸತ್ತಾಗ, ಇನ್ನು ಯಾರೂ ಇಲ್ಲವೆಂದು ಸಾರಿ, ಅದನ್ನು ಒಡೆದು ಗುಂಡಿಗೆ ಹಾಕುವುದು ಸ್ವೀಡನ್ನಿನ ಕುಲೀನರ ರೂಢಿ.

"ಯಾರೂ ಇಲ್ಲ ಅಂತ ಸಾರೋಕೆ ಹೊರಟಿದ್ದೀಯಲ್ಲ, ಹಾಗಾದ್ರೆ ನಾನ್ಯಾರು?"

"ನೀನಿಲ್ಲ ಅಂತ ಯಾರಂದ್ರು? ವಂಶದ ಲೆಕ್ಕಕ್ಕೆ ಬರಲ್ಲ, ಅಷ್ಟೆ." ರಾಗ್ನಾರ್ ತನ್ನ ಬಿಳಿ ಟೈ ಸರಿಮಾಡಿಕೊಂಡ. ಅಂತ್ಯಕ್ರಿಯೆಯ ದಿನ ಅದು ತೀರ ಹತ್ತಿರದ ಗಂಡಸರ ಗುರುತು, ಉಳಿದವರಿಗೆಲ್ಲ ಕಪ್ಪು. "ಮಾವ ಇದ್ದಿದ್ರೆ ಏನಂತಿದ್ರು ಹೇಳು?"

ಏನೂ ಅನ್ನುತ್ತಿರಲಿಲ್ಲ. ಅಪ್ಪನ ವಿದ್ಯೆಯೇ ಅದು.

*

ಜಮೀನು ಕರಗಿದ ಮೇಲೆ ಬ್ಯಾರನ್ ಯೋರ್ಟ್‌ವಾಲ್ ವಿದೇಶಾಂಗ ಇಲಾಖೆ ಸೇರಿದ. ಬಿರುದು ಹೊಟ್ಟೆ ತುಂಬಿಸದಿದ್ದರೂ ಬಾಗಿಲು ತೆರೆಸುತ್ತಿತ್ತು. ಹೆಂಡತಿ ತೀರಿಕೊಂಡಾಗ ಔತಣದ ಮೇಜಿಗೆ ಒಬ್ಬ ಯಜಮಾನಿ ಬೇಕಾಯಿತು. ಮಗಳ ಓದು ಬಿಡಿಸಿ, ತಾನು ರಾಯಭಾರಿಯಾಗಿದ್ದ ಲಿಸ್ಬನ್ನಿಗೆ ಕರೆಸಿಕೊಂಡ. ಅಲ್ಲಿ ಅವಳು ಪಿಯಾನೊ ಶ್ರುತಿ ಮಾಡಲು ಬರುತ್ತಿದ್ದ ದುವಾರ್ತೆಯನ್ನು ಮೆಚ್ಚಿದಳು.

"ಅವನನ್ನ ಮದುವೆ ಆಗ್ತೀನಿ ಅಪ್ಪ."

"ಒಳ್ಳೇದಾಯ್ತು. ಊಟಕ್ಕೆ ಕರಿ."

ಔತಣದಲ್ಲಿ ಎಲ್ಲರನ್ನೂ ಪದವಿಗೆ ತಕ್ಕಂತೆ ಕೂರಿಸಲಾಯಿತು. ದುವಾರ್ತೆಗೆ ಪದವಿಯೇ ಇಲ್ಲ. ಹಾಗಾಗಿ ಮೇಜಿನ ಕೊನೆಯಲ್ಲಿ, ಒಬ್ಬ ಕಿವುಡ ಸೇನಾಧಿಕಾರಿಯ ಪಕ್ಕದಲ್ಲಿ ಜಾಗ. ಹುಡುಗನ ಎರವಲು ಕೋಟಿನ ತೋಳು ಮಣಿಕಟ್ಟಿಗಿಂತ ಮೇಲಕ್ಕೇ ನಿಂತಿತ್ತು. ಅಪ್ಪ ಮತ್ತೆ ಮತ್ತೆ ಅವನ ಕಡೆ ಗ್ಲಾಸು ಎತ್ತಿ ಆರೋಗ್ಯ ಹಾರೈಸಿದ. ಪ್ರತಿ ಸಲವೂ ಹುಡುಗ ಎದ್ದು ನಿಲ್ಲಬೇಕು, ಪ್ರತಿ ಸಲವೂ ಇಡೀ ಮೇಜು ಆ ತೋಳನ್ನು ನೋಡಬೇಕು. ಕಾಫಿಯಾದ ಮೇಲೆ ಅವನು ತಲೆಬಾಗಿ ಹೊರಟವನು ಮತ್ತೆ ಆ ಬೀದಿಗೆ ಬರಲಿಲ್ಲ.

"ಅವನಿಗೆ ನಾನು ಒಂದಾದರೂ ಕೆಟ್ಟ ಮಾತು ಆಡಿದೆನಾ?" ಎಂದು ಅಪ್ಪ ಕೇಳಿದ.

ಆಡಿರಲಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತೆಗೆದಿದ್ದ. ಅಂದಿನಿಂದ ಇಂಗೇಲಾ ಅಪ್ಪನನ್ನು ದ್ವೇಷಿಸಿದಳು. ದ್ವೇಷಿಸುತ್ತಲೇ ಮೂವತ್ತು ವರ್ಷ ಅವನ ಅತಿಥಿಗಳ ತಟ್ಟೆ ತುಂಬಿಸಿದಳು.

*

ಕೊನೆಗೆ ಸುತ್ತಿಗೆ ಕೊಟ್ಟಳು. ಸಾವಿನ ಮನೆಯಲ್ಲಿ ಎಷ್ಟು ಹೊತ್ತು ಜಗಳ ಕಾಯುವುದು?

"ಯೋರ್ಟ್‌ವಾಲ್ ವಂಶ ಇಲ್ಲಿಗೆ ಮುಗಿಯಿತು. ಇನ್ನು ಯಾರೂ ಇಲ್ಲ," ಎಂದು ಗುಂಡಿಯ ಬಳಿ ಮಳೆಯಲ್ಲೇ ನಿಂತು ರಾಗ್ನಾರ್ ಸಾರಿದ. ವಿದೇಶದ ಅತಿಥಿಗಳಿಗೂ ತಿಳಿಯಲೆಂದು ಫ್ರೆಂಚಿನಲ್ಲೂ ಹೇಳಿದ. ಗುರಾಣಿ ಒಂದೇ ಏಟಿಗೆ ಎರಡು ಹೋಳಾಯಿತು. ಇಂಗೇಲಾಗೆ ಅಳು ಬರಲಿಲ್ಲ, ಮೈ ಉರಿಯಿತು. ಈ ಹೆಸರು ಹೊತ್ತುಕೊಂಡೇ ತಾನೆ ಅವಳು ಮುದುಕಿಯಾದದ್ದು?

ಆಮೇಲೆ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಕಾಫಿ. ಇಂಗೇಲಾ ಎಲ್ಲರಿಗಿಂತ ಮುಂಚೆ ಹೋಗಿ ಬಾಗಿಲಲ್ಲಿ ನಿಂತಳು. ಗುರಾಣಿ ಹೋದರೆ ಹೋಗಲಿ, ಮಗಳಿಗೆ ಹೇಳುವ ಸಾಂತ್ವನದ ಮಾತನ್ನು ಯಾವ ಪದ್ಧತಿಯೂ ಕಿತ್ತುಕೊಳ್ಳಲಾರದು ಎಂದುಕೊಂಡಳು. ಮೊದಲು ಬಂದವರು ಬಿಳಿ ಟೈ ಹುಡುಕಿಕೊಂಡು ನೇರ ರಾಗ್ನಾರ್ ಬಳಿಗೆ ಹೋದರು. ಕಡೆಗೆ ರಾಯಭಾರಿಯೊಬ್ಬನ ಎಳೆ ವಯಸ್ಸಿನ ಹೆಂಡತಿ ಅವಳೆದುರು ನಿಂತಳು. ಇಂಗೇಲಾ ಕೈ ಚಾಚಿದಳು.

ಆಕೆ ಒದ್ದೆ ಕೋಟು ಬಿಚ್ಚಿ ಆ ಕೈಮೇಲೆ ಹಾಕಿದಳು.

"ಪಾಪ, ಅವರಿಗೆ ಅಂತ ಯಾರೂ ಇರಲಿಲ್ವಂತೆ," ಎಂದಳು, ನಿಜವಾದ ಮರುಕದಿಂದ. "ನೀವು ತುಂಬಾ ವರ್ಷದಿಂದ ಅವರ ಮನೆ ಕೆಲಸಕ್ಕಿದ್ರಾ?"

ಇಂಗೇಲಾಳ ಮಾತು ತುಟಿಯವರೆಗೆ ಬಂತು. ಆದರೆ ಅತಿಥಿಗೆ ಮುಜುಗರ ಮಾಡುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

"ಮೂವತ್ತು ವರ್ಷ," ಎಂದಳು.

ಅದನ್ನು ನೋಡಿ ಹಿಂದಿದ್ದವರೂ ಕೋಟು ಬಿಚ್ಚತೊಡಗಿದರು. ಇಂಗೇಲಾ ಇನ್ನೊಂದು ಕೈಯನ್ನೂ ಚಾಚಿದಳು.