ಮೊದಲ ಸ್ಥಾನದಲ್ಲಿ ತಾತ

ನಮ್ಮ ಮನೆಯ ಲಗ್ನಪತ್ರಿಕೆಯಲ್ಲಿ ಮದುಮಕ್ಕಳ ಹೆಸರು ಹುಡುಕಲು ಭೂತಗನ್ನಡಿ ಬೇಕು. ಮೊದಲು ತೀರಿಕೊಂಡ ಹಿರಿಯರು, ಆಮೇಲೆ ಬದುಕಿರುವ ಹಿರಿಯರು, ಜಾಗ ಉಳಿದರೆ ಗಂಡು ಹೆಣ್ಣು. ಈ ಪದ್ಧತಿಯನ್ನು ನನ್ನ ದೊಡ್ಡಪ್ಪ ದೊಡ್ಡಹನುಮಯ್ಯ ವೆಬ್‌ಸೈಟಿಗೂ ತರುತ್ತಾರೆಂದು ನಾನು ಎಣಿಸಿರಲಿಲ್ಲ. ಎಣಿಸಬೇಕಿತ್ತು, ದಡ್ಡಿ ನಾನು.

ಮಲ್ಲತ್ತಹಳ್ಳಿ ಕೆರೆಯ ಹತ್ತಿರ ನಮ್ಮದು ಶಾಮಿಯಾನ ಅಂಗಡಿ, ತಾತ ಕೆಂಪಯ್ಯ ಶುರು ಮಾಡಿದ್ದು. ಅದರ ಗೋಡೌನಿನಲ್ಲಿ ನಾನು ಮದುವೆ ಮಂಟಪ ಕಟ್ಟುವ ಕೆಲಸ ಹೊಸದಾಗಿ ಹಿಡಿದಿದ್ದೆ. ದೊಡ್ಡಪ್ಪನಿಗೆ ಆ ಜಾಗದಲ್ಲಿ ಪಿ.ಜಿ. ಹಾಸ್ಟೆಲ್ ಕಟ್ಟಿಸಿ ಬಾಡಿಗೆಗೆ ಬಿಡುವ ಆಸೆ. "ನೋಡು ಕವನಾ, ಕಾರ್ತಿಕ ಮುಗಿಯೋದ್ರೊಳಗೆ ಒಂದೇ ಒಂದು ಮದುವೆ ಆರ್ಡರ್ ತಗೊಂಬಾ, ಗೋಡೌನ್ ನಿಂಗೇ. ಇಲ್ಲಾಂದ್ರೆ ಜೆಸಿಬಿ ತರಿಸ್ತೀನಿ" ಎಂದರು. ನಾನು ವೆಬ್‌ಸೈಟ್ ಮಾಡಿದೆ.

ಮಂಟಪಗಳು, ಕುರ್ಚಿ, ಪಾತ್ರೆ ಎಂದು ನಲವತ್ತು ಪುಟ. ದೊಡ್ಡಪ್ಪ ನೋಡಿ, "ತಾತ ಎಲ್ಲಿ?" ಎಂದರು. ತಾತನಿಗೊಂದು ಪುಟ ಮಾಡಿ, ಹಾರ ಹಾಕಿದ ಫೋಟೊ ಇಟ್ಟು, 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಬರೆದೆ. ಸಾಲದು. ಪ್ರತಿ ಪುಟದ ನೆತ್ತಿಯ ಮೇಲೂ ತಾತನ ಪುಟಕ್ಕೆ ಲಿಂಕ್ ಇರಬೇಕಂತೆ. ಮಂಟಪಗಳ ಲಿಂಕ್ ಎಲ್ಲೋ ಒಂದು ಕಡೆ ಇದ್ದರೆ ಸಾಕಂತೆ.

"ದೊಡ್ಡಪ್ಪ, ಯಾವ ಪುಟಕ್ಕೆ ಜಾಸ್ತಿ ಲಿಂಕ್ ಬರುತ್ತೋ ಸರ್ಚ್ ಎಂಜಿನ್ ಅದನ್ನೇ ಮುಖ್ಯ ಅಂದ್ಕೊಳ್ಳತ್ತೆ."

"ಮತ್ತೆ? ತಾತ ಮುಖ್ಯ ಅಲ್ವೇನೇ?"

ನಲವತ್ತು ಪುಟಗಳಿಗೂ ಲಿಂಕ್ ಹಾಕಿದೆ. ದೊಡ್ಡಪ್ಪ ಅಲ್ಲಿಗೇ ನಿಲ್ಲಲಿಲ್ಲ. ಗೋವಿಂದರಾಜನಗರದ ಬೀಗರ ಹಾರ್ಡ್‌ವೇರ್ ಅಂಗಡಿಯಿಂದ ಹಿಡಿದು ಮಧುಕುಮಾರನ ಬೇಕರಿಯವರೆಗೆ, ವೆಬ್‌ಸೈಟ್ ಇದ್ದ ನೆಂಟರಿಗೆಲ್ಲ ಫೋನ್ ಮಾಡಿ ತಾತನ ಪುಟಕ್ಕೆ ಲಿಂಕ್ ಹಾಕಿಸಿದರು. ಹಿರಿಯರ ವಿಷಯ, ಯಾರು ಇಲ್ಲ ಅನ್ನುತ್ತಾರೆ?

ತಿಂಗಳೊಳಗೆ ಫಲ ಸಿಕ್ಕಿತು. 'ಶಾಮಿಯಾನ ಮಲ್ಲತ್ತಹಳ್ಳಿ' ಎಂದು ಹುಡುಕಿದರೆ ಎಲ್ಲರಿಗಿಂತ ಮೇಲೆ ತಾತ, ಹಾರದ ಸಮೇತ. ನನ್ನ ಮಂಟಪಗಳು ಯಾರೂ ಇಳಿದು ನೋಡದಷ್ಟು ಕೆಳಗೆ. ದೊಡ್ಡಪ್ಪ ಟೀ ಅಂಗಡಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಮೊಬೈಲ್ ತೋರಿಸಿ ಕಣ್ಣೊರೆಸಿಕೊಂಡರು. ಫೋನುಗಳೂ ಬಂದವು. ಎಲ್ಲವೂ ತಿಥಿಯವು.

ಲಿಂಕ್ ತೆಗೆಯುತ್ತೇನೆಂದು ಎರಡು ಸಲ ಹೇಳಿದೆ. "ಹೆತ್ತಪ್ಪನ್ನ ಕೆಳಗಿಳಿಸು ಅಂತೀಯಾ?" ಎಂದು ಊಟ ಬಿಟ್ಟರು. ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ಆದರೂ ತಿಥಿಗಳಿಗೆ ಕುರ್ಚಿ ಕಳಿಸಿದೆ.

ಕಾರ್ತಿಕ ಮುಗಿಯಲು ಎರಡು ದಿನವಿದ್ದಾಗ ಶ್ರೀಗಂಧದ ಕಾವಲಿನ ಶೈಲಾ ಫೋನ್ ಮಾಡಿದರು. ಧಾರವಾಡದ ಕಡೆಯವರು, ಅವರ ಮಾವನ ತಿಥಿಗೆ ನಾವೇ ಶಾಮಿಯಾನ ಹಾಕಿದ್ದೆವು. ದೊಡ್ಡಪ್ಪನೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಭಾಳ ಚಲೋ ಮಾಡಿದ್ರಿ ನೋಡ್ರಿ. ಸಾವಾದ ಮನಿ, ವರ್ಷದೊಳಗ ಶುಭಕಾರ್ಯ ಆಗಬೇಕಂತ ನಾದಿನಿ ಮದುವಿ ಗೊತ್ತು ಮಾಡೇವ್ರಿ. ಮದುವಿ ಶಾಮಿಯಾನದವರು ಯಾರರ ಗೊತ್ತದಾರೇನ್ರಿ?"

"ನಾವೇ ಮಾಡ್ತೀವಿ ಅಕ್ಕ, ಮಂಟಪ ಸಮೇತ!"

ಶೈಲಾ ದನಿ ತಗ್ಗಿಸಿದರು.

"ತಪ್ಪ ತಿಳ್ಕೋಬ್ಯಾಡ್ರಿ ತಂಗಿ. ನಿಮ್ಮ ಹೆಸರು ಹುಡುಕಿದ್ರ ಹಾರ ಹಾಕಿದ ಅಜ್ಜಾರ ಕಾಣ್ತಾರ. ನಮ್ಮ ಅತ್ತಿ ಮತ್ತ ಅಳಾಕ ಹತ್ತತಾರ್ರಿ. ಬ್ಯಾರೆ ಯಾರದರ ನಂಬರ್ ಕೊಡ್ರಿ."

ನಾಗರಬಾವಿಯಲ್ಲಿ ನಮಗೆ ಪೈಪೋಟಿ ಕೊಡುವ ರಾಜೇಂದ್ರನ ನಂಬರ್ ಕೊಟ್ಟೆ. ಮನೆಗೆ ಮಾರಿ, ಊರಿಗೆ ಉಪಕಾರಿ. ಫೋನಿಟ್ಟಾಗ ದೊಡ್ಡಪ್ಪ ನೆಲ ನೋಡುತ್ತಿದ್ದರು.

"ಪಿ.ಜಿ. ವಿಷಯ ಮಾಘ ಕಳೀಲಿ, ನೋಡೋಣ" ಎಂದರು. ಆಮೇಲೆ, "ಆ ಲಿಂಕ್ ತೆಗೆಯೋದು ಹೆಂಗೆ, ತೋರ್ಸು. ಬೇರೆಯೋರು ತೆಗೀಬಾರ್ದು. ನಾನೇ ತೆಗೀತೀನಿ."

ಲ್ಯಾಪ್‌ಟಾಪಿನ ಮುಂದೆ ಕೂರುವ ಮೊದಲು ಚಪ್ಪಲಿ ಬಿಟ್ಟರು. ನಲವತ್ತು ಪುಟ. ತಾತನ ಲಿಂಕನ್ನು ಒಂದೊಂದಾಗಿ ಅಳಿಸಿದರು, ಒಂದೊಂದಕ್ಕೂ ಕೈಮುಗಿದು.