ಹೆಸರಿಡದೆ ಏನನ್ನೂ ಬಿಡದ ಮರ್ವಿನ್

ಮರ್ವಿನ್ ಪೆನ್‌ಹಾಲ್ ಹೆಸರು ಬರೆಯದೆ ಯಾವ ವಸ್ತುವನ್ನೂ ಕೆಳಗಿಡುತ್ತಿರಲಿಲ್ಲ. ಶೆಡ್ಡಿನ ಡಬ್ಬಗಳಿಗೆ, ಚಹಾದ ಮಗ್ಗಿಗೆ, ಕೊನೆಗೆ ಎಡಬಲದ ಬೂಟುಗಳಿಗೂ ಬಿಳಿ ಪಟ್ಟಿ. ಬೇಸಿಗೆಯಲ್ಲೂ ಕಳಚದ ಮಳೆಕೋಟು ತೊಟ್ಟು, ಬಲೆ ಹೆಣೆದು ಮುರುಟಿದ ಬೆರಳುಗಳಲ್ಲಿ ಒಂದರಿಂದಷ್ಟೇ ಅವನು ಕೀಲಿಮಣೆ ಕುಟ್ಟುವುದನ್ನು ಕಂಡು ಮೀನುಗಾರರ ಕಡಲೂರು ಪೋರ್ಟ್ ಲಿಂಕನ್ನಿನ ನಾವೆಲ್ಲ ನಗುತ್ತಿದ್ದೆವು.

ನಮ್ಮ ಕಡಲ ರಕ್ಷಣಾ ತಂಡದ ಆನ್‌ಲೈನ್ ಚಾಟ್ ಕೋಣೆಯ ಸ್ಕ್ರಿಪ್ಟ್, ಅಂದರೆ ಅದನ್ನು ನಡೆಸುವ ಪುಟ್ಟ ಪ್ರೋಗ್ರಾಮು, ಬರೆದದ್ದು ಆ ಬೆರಳೇ. ರೇಡಿಯೊದಲ್ಲಿ ಕೇಳಿದ ದೋಣಿಗಳ ಸುದ್ದಿಯನ್ನು ಸ್ವಯಂಸೇವಕರಾದ ನಾವು ಅಲ್ಲಿ ಟೈಪಿಸುತ್ತಿದ್ದೆವು. ನಮೂನೆಗೆ ಹೊಂದಿದ ತುಣುಕುಗಳನ್ನು, ಅಂದರೆ ದೋಣಿಯ ಹೆಸರು ಮತ್ತು ಅದಿರುವ ಜಾಗವನ್ನು, ಸ್ಕ್ರಿಪ್ಟು ಹೆಕ್ಕಿ ಇಟ್ಟುಕೊಳ್ಳುತ್ತಿತ್ತು. ಹೆಸರು ಕೂಡಲೇ ರಕ್ಷಣಾ ದೋಣಿಯವರು ನೋಡುವ ಪಟ್ಟಿಗೇರಿದರೆ, ಜಾಗ ಏರುವುದು ಇನ್ನೊಬ್ಬರು ‘ಸರಿ’ ಎಂದ ಮೇಲೆ. ಅಷ್ಟರಲ್ಲಿ ಬೇರೆ ಸಾಲು ಬಂದರೆ ಹೊಸ ತುಣುಕು ಹಳೆಯದನ್ನು ಅಳಿಸಿಬಿಡುತ್ತದೆ. ಅದಕ್ಕೇ ಮರ್ವಿನ್ ಪ್ರತಿ ಹೊಂದಿಕೆಗೂ ಆಯಾ ದೋಣಿಯ ಹೆಸರಿಟ್ಟು ಬೇರೆಯಾಗಿ ಕಾಪಿಟ್ಟು, ಮರಳಿ ಪಡೆಯುವಾಗಲೂ ಆ ಹೆಸರಿನಿಂದಲೇ ಕೇಳುತ್ತಿದ್ದ.

“ಹೆಸ್ರಿಲ್ದೇ ಇಟ್ಟಿದ್ದು ಯಾರ್ ಕೈಗಾದ್ರೂ ಹೋಗತ್ತೆ ಕಣಯ್ಯಾ,” ಅನ್ನುತ್ತಿದ್ದ.

“ಬೂಟಿಗೆ ಇಟ್ಟಿದ್ದು ಸಾಲ್ದಾ, ಮುದುಕಾ? ಹೆಸ್ರು ಯಾಕೆ, ಎರಡನೇ ತುಣುಕು ಕೊಡು ಅಂದ್ರೆ ಅದು ಕೊಡಲ್ವಾ?” ಎಂದು ಛೇಡಿಸುತ್ತಿದ್ದ ಕಾರ್ಯದರ್ಶಿ ಕ್ಲೈವ್, ಮರ್ವಿನ್ ಕಣ್ಣಿನ ಶಸ್ತ್ರಚಿಕಿತ್ಸೆಗೆ ಅಡಿಲೇಡಿಗೆ ಹೋದ ವಾರ, ಹೇಳದೆ ಕೇಳದೆ ಆ ಹೆಸರುಗಳನ್ನೆಲ್ಲ ಕಿತ್ತುಹಾಕಿದ. ಅಚ್ಚುಕಟ್ಟಾಯಿತಂತೆ!

ಅದೇ ಶುಕ್ರವಾರ ಮಧ್ಯಾಹ್ನ ಈವೋ ಮಾರಸ್ ಎಂಬ ಮೀನುಗಾರನ ದೋಣಿಗೆ ನೀರು ನುಗ್ಗಿತು. ಅವನ ಜಾಗಕ್ಕೆ ‘ಸರಿ’ ಬರುವಷ್ಟರಲ್ಲಿ ಮತ್ತೊಂದು ದೋಣಿಯ ಜಾಗ ಬಂತು. ಪಟ್ಟಿಯಲ್ಲಿ ಈವೋನ ದೋಣಿಯ ಹೆಸರಿನ ಮುಂದೆ ಕೂತದ್ದು ಅದು. ರಕ್ಷಣಾ ದೋಣಿ ಉತ್ತರಕ್ಕೆ ಓಡಿತು. ದಕ್ಷಿಣದಲ್ಲಿ ಮೀನಿಗೆ ಮಂಜುಗಡ್ಡೆ ತುಂಬುವ ಪೆಟ್ಟಿಗೆ ಹಿಡಿದು ತೇಲುತ್ತಿದ್ದ ಈವೋ ನಾಲ್ಕು ತಾಸು ಕಳೆದ ಮೇಲೆ ಸಿಕ್ಕಿದ. ಜೊತೆಗಿದ್ದ ಅವನ ಅಣ್ಣ ಬದುಕಲಿಲ್ಲ.

ಮರ್ವಿನ್ ಊರಿಗೆ ಮರಳಿದ ಮೇಲೆ ಸಭೆ ಸೇರಿತು. “ಸ್ಕ್ರಿಪ್ಟು ಮರ್ವಿನ್‌ದು,” ಎಂದ ಕ್ಲೈವ್.

“ನಾನು ಹೆಸ್ರಿಟ್ಟಿದ್ದೆ,” ಎಂದ ಮರ್ವಿನ್.

“ಹಂಗಾದ್ರೆ ಎಲ್ಲಿದಾವೆ, ತೋರ್ಸು!”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕ್ಲೈವ್ ಅಳಿಸುವಾಗ ಪಕ್ಕದಲ್ಲೇ ಮಾಂಸದ ಪೈ ತಿನ್ನುತ್ತ ಕೂತಿದ್ದ ನಾನೂ ಬಾಯಿ ಬಿಡಲಿಲ್ಲ; ಥೂ, ನನ್ನ ಜನ್ಮಕ್ಕಿಷ್ಟು! ಮರ್ವಿನ್ ತನ್ನ ಮಗ್ಗೆತ್ತಿಕೊಂಡು ಹೊರಟವನು ಮತ್ತೆ ನಮ್ಮ ತಂಡದತ್ತ ಬರಲಿಲ್ಲ. ಹತ್ತು ವರ್ಷ ಈವೋ ಅವನನ್ನು ಕಂಡರೆ ಮುಖ ತಿರುಗಿಸಿ ರಸ್ತೆಯಾಚೆ ಹೋಗುತ್ತಿದ್ದ, ಆ ಅಪವಾದ ಹೊತ್ತೇ ಮರ್ವಿನ್ ಸತ್ತ.

ಅಂದು ಎಲ್ಲ ಹೆಸರನ್ನೂ ಕಿತ್ತ ಕ್ಲೈವ್ ಸ್ಕ್ರಿಪ್ಟಿನ ಮೊದಲ ಸಾಲಿನದನ್ನು ಮಾತ್ರ ಮುಟ್ಟಿರಲಿಲ್ಲ: ‘ಬರೆದವನು ಮರ್ವಿನ್ ಪೆನ್‌ಹಾಲ್’. ಮಾಡಿದ್ದಕ್ಕೆಲ್ಲ ತಮ್ಮ ಹೆಸರು ಹಾಕುವ ಜನ ಹೀಗೆಯೇ ಸಿಕ್ಕಿಬೀಳುತ್ತಾರೆ. ಹೆಸರು ಹಾಕದೆ ಕೈಯಾಡಿಸುವವರು ಸಭೆ ನಡೆಸುತ್ತಾರೆ.